ಅಂಟದ ಕಾಗದ

ಮತ್ತೆ ಅದೇ ಬೆಂದ ರಬ್ಬರಿನ ವಾಸನೆ, ಬರಲಿ, ಇನ್ನೂ ಬರಲಿ, ಎತ್ತಿದ ಬಾನೆಟ್ಟಿನ ಆಚೆ ಅಣ್ಣ ಸ್ಟೀರಿಂಗ್ ಹಿಡಿದು ಕೂತಿದ್ದಾನೆ, ಅವನ ಮುಖ ಕಾಣುವುದಿಲ್ಲ, ಒಳ್ಳೆಯದೇ ಆಯಿತು — ಬಿಸಿ ತೋರಿಸೋ ಮುಳ್ಳು ಅರ್ಧ ದಾಟ್ತು ಕಣೇ, ಅಂದ, ದಾಟಲಿ, ಅಪ್ಪ ನಲವತ್ತು ವರ್ಷ ಓಡಿಸಿದ ಕಾರು, ಒಂದು ದಿನವೂ ಕುದಿಯಲಿಲ್ಲ, ಅವರು ಹೋಗಿ ತಿಂಗಳು ತುಂಬುವ ಮೊದಲೇ ಇವನು ಅದರ ಪುಟ್ಟ ಎಂಜಿನ್ ಕಿತ್ತು ಮೂಲೆಗೆ ಹಾಕಿ ಲಾರಿಗಾಗುವಷ್ಟು ದೊಡ್ಡದನ್ನು ತುರುಕಿದ, ಆಗಿನಿಂದ ರಸ್ತೆಗೆ ಹೋದಾಗಲೆಲ್ಲ ಹಬೆ, ರೇಡಿಯೇಟರ್ ಬದಲಿಸಿದ, ನೀರಿನ ಪಂಪು ಬದಲಿಸಿದ, ನಾನು ಬಾಗಿಲಲ್ಲಿ ನಿಂತು ನಕ್ಕೆ, ನಗದೆ ಇನ್ನೇನು, ನೀನು ವೈರ್ ಕೆಲಸ ನೋಡ್ಕೋ, ಎಂಜಿನ್ ತಂಟೆಗೆ ಬರಬೇಡ, ಅಂದವನಲ್ಲವೇ, ಊರಿನ ಅರ್ಧ ಗಾಡಿಗಳ ವೈರಿಂಗ್ ಮಾಡುವ ಕೈ ನನ್ನದು, ಇವನಿಗೆ ತಂಗಿ ಎಂದರೆ ಬಲ್ಬು ಹಾಕುವವಳು. ಇವತ್ತೇ ಕೊನೆ, ಅವನದೇ ಮಾತು, ಇವತ್ತೂ ಸರಿಹೋಗ್ಲಿಲ್ಲಾಂದ್ರೆ ಅಪ್ಪನ ಎಂಜಿನ್ನೇ ವಾಪಸ್ ಕೂರಿಸ್ತೀನಿ, ಸರಿಹೋದ್ರೆ ಅದು ಗುಜರಿಗೆ, ಗುಜರಿಯವನು ಆಗಲೇ ಗೇಟಿಗೆ ಒರಗಿ ಕಾಯುತ್ತಿದ್ದಾನೆ, ಮೂಲೆಯ ಎಂಜಿನ್ನಿಗೆ ಅಪ್ಪನ ಹಳೆಯ ಅಂಗಿ ಹೊದಿಸಿದ್ದೇನೆ, ಧೂಳು ಕೂರದಿರಲಿ ಎಂದು — ಎಲ್ಲಾ ನೋಡಾಯ್ತು, ಫ್ಯಾನ್ ಒಂದು ನೋಡೇ, ಅಪ್ಪ ಕಾಗದ ಹಿಡೀತಿದ್ರಲ್ಲ ಹಾಗೆ. ಕಾಗದವಂತೆ. ಹೌದು, ಮುಂದಿನ ಜಾಲರಿಗೆ ಕಾಗದ ಹಿಡಿದು ಕೈ ಬಿಡುತ್ತಿದ್ದರು, ಫ್ಯಾನು ಗಾಳಿ ಒಳಗೆ ಎಳ್ಕೊಂಡ್ರೆ ಕಾಗದ ಅಲ್ಲೇ ಅಂಟುತ್ತೆ ನೋಡು ಮಗಳೇ, ಸರಿ, ಹಿಡಿಯುತ್ತೇನೆ, ಇವನ ಸಮಾಧಾನಕ್ಕೆ, ಬಿಟ್ಟೆ, ಕಾಗದ ಹಾರಿ ನನ್ನ ಎದೆಗೆ ಬಡಿಯಿತು. ಇನ್ನೊಮ್ಮೆ. ಮತ್ತೆ ಎದೆಗೆ. ಫ್ಯಾನು ಉಲ್ಟಾ ತಿರುಗುತ್ತಿದೆ, ಎದುರು ಬರುವ ಗಾಳಿಯ ಜೊತೆ ಜಗಳಕ್ಕೆ ನಿಂತಿದೆ, ಅದರ ಎರಡು ವೈರು ಅದಲು ಬದಲು, ಜೋಡಿಸಿ ಟೇಪು ಸುತ್ತಿದವಳು ನಾನೇ, ಇವನು ಹೊಸ ಎಂಜಿನ್ನಿನ ಜಂಬ ಕೊಚ್ಚುತ್ತಿದ್ದ ಸಂಜೆ, ಸಿಟ್ಟಿನಲ್ಲಿ ಬಣ್ಣ ಕೂಡ ನೋಡದೆ, ಎರಡೇ ನಿಮಿಷದ ಕೆಲಸ, ಬದಲಿಸಿದರೆ ಇವನು ಗೆದ್ದ, ಗುಜರಿಯವನು ಅಂಗಿ ಎತ್ತಿ ಬಿಸಾಡಿದ ಎಂದೇ ಲೆಕ್ಕ — ಏನಾಯ್ತೇ, ಅಂಟ್ತಾ? ಹಾಳಾದವನು, ಧ್ವನಿ ಮಾತ್ರ ಥೇಟ್ ಅಪ್ಪನದೇ, ಅಂಟ್ತು ಕಣೋ ಅಣ್ಣ, ಅಂದೆ, ಕಾಗದವನ್ನು ಅಂಗೈಯಲ್ಲಿ ಜಾಲರಿಗೆ ಒತ್ತಿ ಹಿಡಿದು, ಹಾಗಾದ್ರೆ ನನ್ನ ಎಂಜಿನ್ದೇ ತಪ್ಪು ಬಿಡು, ಎಂದ, ಇಷ್ಟು ದಿನ ನಾನು ಕಾದ ಮಾತು, ಬಂತು, ಕಾಗದದ ಹಿಂದಿನಿಂದ ಬಿಸಿ ಗಾಳಿ ಅಂಗೈಯನ್ನು ದಬ್ಬುತ್ತಿದೆ, ಒತ್ತುತ್ತೇನೆ, ದಬ್ಬುತ್ತಿದೆ, ಕೈ ತೆಗೆಯುವ ಹಾಗಿಲ್ಲ, ತೆಗೆದರೆ ಕಾಗದ…