ಇನ್ನೂರು ಅಡಿ ಎತ್ತರದಲ್ಲಿ

ಮದುವೆಯಾಗಿ ಎಂಟು ತಿಂಗಳು. ಅದರಲ್ಲಿ ಗಂಡನ ಮುಖ ಕಂಡದ್ದು ಹನ್ನೊಂದೇ ದಿನ. ಅವನು ಬೆಟ್ಟದೂರಿನ ಆಸ್ಪತ್ರೆಯಲ್ಲಿ ನರ್ಸು, ಇವಳು ಕೆಳಗಿನ ಪಟ್ಟಣದಲ್ಲಿ ಟಪಾಲು ವಿಮಾನದ ಪೈಲಟ್ಟು. ಬಸ್ಸಿನಲ್ಲಿ ಹೋದರೆ ಒಂದೂವರೆ ದಿನ, ವಿಮಾನದಲ್ಲಿ ನಲವತ್ತು ನಿಮಿಷ. ಆದರೆ ಆ ಊರಿಗೆ ಮೋಡವೆಂದರೆ ಮನೆಯಳಿಯ ಇದ್ದ ಹಾಗೆ, ಒಮ್ಮೆ ಬಂದರೆ ಹೊರಡುವ ಮಾತೇ ಇಲ್ಲ. ಇವಳ ಲೈಸೆನ್ಸೋ, ಕಣ್ಣಿಗೆ ದಾರಿ ಕಂಡರೆ ಮಾತ್ರ ಹಾರುವಂಥದ್ದು. ಮೋಡದೊಳಗೆ ಬರೀ ಮೀಟರುಗಳನ್ನು ನಂಬಿ ಹಾರಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂಬ ಬೇರೆಯೇ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಬೆಟ್ಟದೂರಿನ ದಿನದ ಟಪಾಲು ಇವಳಿಗೇ ಎಂದು ಕಂಪನಿ ಮಾತು ಕೊಟ್ಟಿತ್ತು.

ಓದಿಗೇನೂ ಕೊರತೆಯಿರಲಿಲ್ಲ. ಹವಾಮಾನದ ನಕ್ಷೆ, ರೇಡಿಯೋ ಸಂಕೇತ ಎಲ್ಲವನ್ನೂ ಅರೆದು ಕುಡಿದಿದ್ದಳು. ಹಾರುವಾಗ, ಪಕ್ಕದಲ್ಲಿ ಕೂತು ಕಲಿಸುವ ಮೇಷ್ಟ್ರು ಅವಳ ಹಣೆಗೆ ಉದ್ದನೆಯ ಮರೆಯೊಂದನ್ನು ಕಟ್ಟುತ್ತಿದ್ದರು. ಹೊರಗಿನದೇನೂ ಕಾಣದು, ಮೀಟರಿನ ಮುಳ್ಳುಗಳಷ್ಟೇ. ವಾಲುತ್ತಿದ್ದೇನೆ ಎಂದು ಮೈ ಹೇಳುತ್ತದೆ, ಇಲ್ಲ ನೆಟ್ಟಗಿದ್ದೀಯ ಎಂದು ಮುಳ್ಳು ಹೇಳುತ್ತದೆ. ಮುಳ್ಳಿನ ಮಾತೇ ಕೇಳಬೇಕು. ಅದನ್ನೂ ಕಲಿತಳು. ಎಡವಿದ್ದು ಕೊನೆಯ ಮೆಟ್ಟಿಲಲ್ಲಿ. ನೆಲದಿಂದ ಇನ್ನೂರು ಅಡಿಗೆ ಇಳಿದಾಗ ರನ್‌ವೇ ದೀಪ ಕಂಡರೆ ಸರಿ, ಕಾಣದಿದ್ದರೆ ಆ ಕ್ಷಣವೇ ಮೇಲೇರಬೇಕು. ಇವಳು ಪ್ರತಿಸಲ ಇನ್ನೊಂದು ಮೂವತ್ತು ಅಡಿ ಜಾರುತ್ತಿದ್ದಳು. ಮೊದಲ ಸಲ ಫೇಲಾದದ್ದೂ ಅದಕ್ಕೇ.

"ಇಳಿಯೋಕೆ ಎಲ್ರಿಗೂ ಬರುತ್ತಮ್ಮ, ವಾಪಸ್ ಬರೋಕೆ ಬರ್ಬೇಕು," ಎಂದರು ಮೇಷ್ಟ್ರು. "ಇನ್ನೊಂಚೂರು, ಇನ್ನೊಂಚೂರು ಅಂತ ಹೋದವರ ಮನೆಗೆ ಸುದ್ದಿ ಮುಟ್ಟಿಸಿ ಸಾಕಾಗಿದೆ ನಂಗೆ."

"ಈಗ ಕಾಣುತ್ತೆ, ಈಗ ಕಾಣುತ್ತೆ ಅನ್ಸುತ್ತೆ ಮೇಷ್ಟ್ರೇ."

"ಅನ್ಸೋದನ್ನ ಮನೇಲಿಟ್ಟು ಬಾ."

ಮನೆಯಲ್ಲಿಟ್ಟು ಬರಲು ಅದೇನು ಊಟದ ಡಬ್ಬಿಯೇ? ಅವಳಿಗೆ ಅವನು ಬೇಕಾಗಿದ್ದ. ಬೆಳಿಗ್ಗೆ ಕನ್ನಡಿಯ ಮುಂದೆ ಜಾಗಕ್ಕಾಗಿ ಜಗಳವಾಡಲು ಬೇಕಾಗಿದ್ದ. ಕೆಳಗೆ ಬಿಳಿ ಮೋಡ ಕಂಡಾಗಲೆಲ್ಲ ಅದರಡಿಯಲ್ಲಿ ಅವನಿದ್ದಾನೆ ಎಂದೇ ಅವಳ ಕೈಗೆ ತೋಚುತ್ತಿತ್ತು.

ಎರಡನೇ ಪರೀಕ್ಷೆಗೆ ಪರೀಕ್ಷಕಿ ಆರಿಸಿದ್ದು ಬೆಟ್ಟದೂರನ್ನೇ. ಹಿಂದಿನ ಸಂಜೆ ಗಂಡ ಫೋನು ಮಾಡಿದ.

"ನಮ್ಮ ಕ್ವಾರ್ಟರ್ಸು ನಿನ್ನ ದಾರಿ ಕೆಳಗೇ ಇದೆ. ತಾರಸಿ ಮೇಲೆ ನಿಂತಿರ್ತೀನಿ. ಹತ್ತು ನಿಮಿಷ ಸಿಕ್ಕಿದ್ರೂ ಸಾಕು, ಓಡಿ ಬರ್ತೀನಿ."

"ರೋಗಿಗಳನ್ನ ಬಿಟ್ಟಾ?"

"ನಾಳೆ ನಾನೇ ರೋಗಿ ಅಂತ ರಜೆ ಬರೆದಾಯ್ತು ಕಣೇ."

ಮರುದಿನ ಹಣೆಗೆ ಮರೆ ಕಟ್ಟುವ ಅಗತ್ಯವೇ ಬೀಳಲಿಲ್ಲ, ಅಷ್ಟು ಮೋಡ. ಪರೀಕ್ಷಕಿ ಪಕ್ಕದಲ್ಲಿ ಕೂತಿದ್ದರು. ನಾನೂರು, ಮುನ್ನೂರು. ಇನ್ನೂರು ಅಡಿಗೆ ತಲೆಯೆತ್ತಿದಳು. ಮುಂದೆ ದೀಪವಿಲ್ಲ, ಬರೀ ಬಿಳಿ. ಆದರೆ ನೇರ ಕೆಳಗೆ ಮೋಡ ಒಂದು ಕಡೆ ಹರಿದಿತ್ತು. ಅಲ್ಲಿ ತಾರಸಿ, ತಾರಸಿಯ ಮೇಲೆ ಅವಳೇ ಕೊಡಿಸಿದ್ದ ಹಳದಿ ಸ್ವೆಟರು. ಅವನು ಎರಡೂ ಕೈ ಎತ್ತಿ ಬೀಸುತ್ತಿದ್ದ. ನೆಲ ಕಂಡಿತಲ್ಲ, ಇನ್ನೇನು, ಇಳಿ ಎಂದು ಮೈಯೆಲ್ಲ ಕೂಗಿತು. ಕಂಡದ್ದು ಗಂಡ, ರನ್‌ವೇ ಅಲ್ಲ. ಅವಳು ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ವಿಮಾನದ ಮೂತಿ ಎತ್ತಿದಳು.

ನಲವತ್ತು ನಿಮಿಷ ಹಾರಿ ಮರಳಿ ಪಟ್ಟಣದಲ್ಲಿ ಇಳಿದ ಮೇಲೆ ಪರೀಕ್ಷಕಿ ಕಾಗದಕ್ಕೆ ಸಹಿ ಹಾಕಿದರು. "ಪಾಸಾಗಿದೀಯ. ಅಳೋದ್ಯಾಕೆ?"

"ಗೊತ್ತು ಮೇಡಂ," ಎಂದಳು, ಅಳುತ್ತಲೇ.

ಗಂಡನಿಗೆ ಫೋನು ಹಚ್ಚಿದಳು.

"ನಿನ್ನ ವಿಮಾನದ ಚಕ್ರ ಕಾಣಿಸ್ತು ಕಣೇ," ಎಂದ. "ಇಳಿದೇಬಿಟ್ಟೆ ಅಂತ ರನ್‌ವೇ ತನಕ ಓಡಿದೆ."

"ನಾನೂ ನಿಮ್ಮನ್ನ ನೋಡಿದೆ ರೀ. ನೋಡೇ ವಾಪಸ್ ಬಂದೆ."



"ಪಾಸಾ?"

"ಪಾಸು."

"ಹಾಗಾದ್ರೆ ಇನ್ಮೇಲೆ ದಿನಾ ಬರ್ತೀಯಲ್ಲ!"

"ದಿನಾ ಬರ್ತೀನಿ," ಎಂದಳು. "ದಿನಾ ಇಳೀತೀನಿ ಅಂತ ಮಾತ್ರ ಹೇಳೋಕಾಗಲ್ಲ ರೀ."