ಮಗ್ಗದ ಸದ್ದಿನಲ್ಲಿ ಆಡಿದ ಮಾತು

ಅನಿತಳ ಮೊಬೈಲ್ ಒಡೆದವನು ಅವಳ ಮೈದುನ ರಾಜೇಂದ್ರ. ಅದಕ್ಕೆ ಏಟು ತಿಂದವಳು ಅವಳ ಮಗಳು ಧನುಶ್ರೀ. ಹೊಡೆದವಳು ಸ್ವತಃ ಅನಿತ. ಇದೆಲ್ಲ ಅವತ್ತೇ ತಿಳಿದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಒಡೆದವನು ಯಾರೆಂದು ಗೊತ್ತಾಗುವ ಹೊತ್ತಿಗೆ ತಿಂಗಳು ಕಳೆದಿತ್ತು, ಅಷ್ಟರಲ್ಲಿ ಮಗಳು ಅಮ್ಮನ ಜೊತೆ ಮಾತು ಬಿಟ್ಟಿದ್ದಳು.

ದೊಡ್ಡಬಳ್ಳಾಪುರದ ಆ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳು. ಒಂದರ ಮುಂದೆ ಅನಿತ, ಇನ್ನೊಂದರ ಮುಂದೆ ಅತ್ತೆ ರುಕ್ಮಿಣಮ್ಮ. ಗಂಡ ಶಶಿಕುಮಾರ್ ಸೀರೆ ಗಂಟು ಕಟ್ಟಿಕೊಂಡು ಬೆಂಗಳೂರಿನ ಚಿಕ್ಕಪೇಟೆಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಮಗ್ಗ, ಒಲೆ, ಮಗಳ ಹೋಂವರ್ಕು, ಅತ್ತೆಯ ಬಿ.ಪಿ. ಮಾತ್ರೆ ಇವುಗಳ ನಡುವೆ ಅನಿತಳಿಗಿದ್ದ ಒಂದೇ ಸುಖ ಸಿನಿಮಾ. ಮೊಬೈಲನ್ನು ಮಗ್ಗದ ಚೌಕಟ್ಟಿಗೆ ಒರಗಿಸಿಟ್ಟು ನೋಡುವಳು. ಎಳೆ ತುಂಡಾದಾಗೆಲ್ಲ ಸಿನಿಮಾ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಹಚ್ಚುವಳು. ಹೀಗಾಗಿ ಅವಳ ಹೀರೋಗಳು ಸೇಡು ತೀರಿಸಿಕೊಳ್ಳಲು ಎರಡು ಮೂರು ದಿನ ತೆಗೆದುಕೊಳ್ಳುತ್ತಿದ್ದರು. ಸದ್ದು ಅವಳಿಗೆ ಬೇಕಿರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಉಳಿದದ್ದನ್ನು ಕೈಸನ್ನೆಯಲ್ಲಿ ಮುಗಿಸುತ್ತಾರೆ. ಡಬ್ಬಿಂಗ್ ಸಿನಿಮಾ ಕಂಡರೆ ಮಾತ್ರ ಅವಳಿಗೆ ಮೈಯುರಿ. ಹೆಸರು ಕನ್ನಡದ್ದು, ತುಟಿ ಇನ್ಯಾವುದೋ ಭಾಷೆಯದ್ದು.

ರಾಜೇಂದ್ರನಿಗೆ ಈ ವಿದ್ಯೆ ಇರಲಿಲ್ಲ. ಚಿಕ್ಕಂದಿನಲ್ಲೇ ಹಾಸ್ಟೆಲ್ ಸೇರಿ, ಈಗ ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದವನು. ಮಗ್ಗದ ಮುಂದೆ ಒಂದು ದಿನ ನಿಂತವನಲ್ಲ. ಮೊದಲ ಬೋನಸ್‌ನಲ್ಲಿ ದೊಡ್ಡ ಟಿವಿ, ವಿಡಿಯೋ ಗೇಮ್ ಪೆಟ್ಟಿಗೆ ತಂದು, ಟಿವಿಯನ್ನು ಮಗ್ಗದ ಕೋಣೆಯ ಬಾಗಿಲ ಪಕ್ಕದ ಗೋಡೆಗೇ ತೂಗುಹಾಕಿಸಿದ್ದ. ಕಿವಿಗೆ ಹೆಡ್‌ಸೆಟ್ ಏರಿಸಿ ಸೋಫಾದಲ್ಲಿ ಕೂತನೆಂದರೆ ಅವನ ಮುಖ ನೇರವಾಗಿ ಅನಿತಳ ಕಡೆಗೇ ಇರುತ್ತಿತ್ತು.

ಮೊಬೈಲ್ ಒಡೆದ ದಿನ ಒಂದು ಕಡೆ ಮಗ್ಗದಲ್ಲಿ ಹಾಸಿನ ಉದ್ದೆಳೆಗಳು ಕಿತ್ತುಹೋಗಿದ್ದವು, ಇನ್ನೊಂದು ಕಡೆ ಕುಕ್ಕರ್ ಕೂಗುತ್ತಿತ್ತು. "ಧನು ಗೇಮ್‌ನಲ್ಲಿ ಸೋತ್ಲು ಅತ್ತಿಗೆ, ಸಿಟ್ಟಲ್ಲಿ ಎಸೆದ್ಬಿಟ್ಲು. ನಾನೇ ನೋಡ್ದೆ," ಅಂದಿದ್ದ ರಾಜೇಂದ್ರ. ಅನಿತ ಹಿಂದೆಮುಂದೆ ನೋಡದೆ ಮಗಳ ಬೆನ್ನಿಗೆ ಎರಡು ಬಾರಿಸಿದಳು. "ನಾನಲ್ಲ," ಎಂದು ಹುಡುಗಿ ಒಂದೇ ಸಲ ಹೇಳಿದಳು. ಆಮೇಲೆ ಅಮ್ಮ ಏನು ಕೇಳಿದರೂ ಹೂಂ, ಇಲ್ಲವೇ ಉಹೂಂ.

ಒಂದು ಸಂಜೆ ಮಗ್ಗ ಹೊಡೆದುಕೊಳ್ಳುತ್ತಿತ್ತು. ಅನಿತ ಲಾಳಿಯಿಂದ ಕಣ್ಣೆತ್ತಿದರೆ ಎದುರಿಗೆ ರಾಜೇಂದ್ರನ ತುಟಿಗಳು. ಹೆಡ್‌ಸೆಟ್‌ನಲ್ಲಿ ಗೋದಾಮಿನ ಗೆಳೆಯ ಮೂರ್ತಿಯ ಜೊತೆ ಮಾತು. "ನನ್ ಕೈಯಿಂದಾನೇ ಬಿದ್ದು ಒಡೀತು ಗುರು. ಮಗು ಹೆಸ್ರು ಹೇಳ್ಬಿಟ್ಟೆ. ಅತ್ತಿಗೆ ಎರಡು ಬಿಟ್ರು ಅವಳಿಗೆ. ಕೇಸ್ ಕ್ಲೋಸ್!" ಹೇಳಿ ನಕ್ಕ.

ಅಲ್ಲೇ ಹೋಗಿ ಜುಟ್ಟು ಹಿಡಿಯಬಹುದಿತ್ತು. ಆದರೆ ಅವನು ಜಾರಿಕೊಳ್ಳುತ್ತಿದ್ದ. ಮಗ್ಗದ ಸದ್ದಿನಲ್ಲಿ ನಿಮಗೇನು ಕೇಳಿಸಿತು ಅತ್ತಿಗೆ ಅನ್ನುತ್ತಿದ್ದ. ಅತ್ತೆಗೆ ಕಿರಿಮಗನೆಂದರೆ ಪ್ರಾಣ, ಗಂಡನಿಗೆ 'ಹೋಗ್ಲಿ ಬಿಡೇ' ಅನ್ನುವುದೊಂದೇ ಗೊತ್ತು. ಮಗಳ ಮೇಲೆ ಹೊರಿಸಿದ ಸುಳ್ಳನ್ನು ಅವನ ಬಾಯಿಂದಲೇ, ಎಲ್ಲರೆದುರಿಗೇ ಕಕ್ಕಿಸಬೇಕು. ಅದಕ್ಕಿಂತ ಕಡಿಮೆಗೆ ಅನಿತ ಒಪ್ಪುವವಳಲ್ಲ.

ಮಗಳನ್ನು ಅಡುಗೆಮನೆಗೆ ಕರೆದಳು. "ಮೊಬೈಲ್ ಒಡೆದಿದ್ದು ಚಿಕ್ಕಪ್ಪಾನೇ ಅಂತ ಗೊತ್ತಾಯ್ತು ಕಣೇ."

"ನಂಗೆ ಮೊದ್ಲೇ ಗೊತ್ತಿತ್ತು," ಅಂದಳು ಧನುಶ್ರೀ.

ಅಲ್ಲಿ ಅಮ್ಮನಾದವಳು ಇನ್ನೊಂದು ಮಾತು ಆಡಬೇಕಿತ್ತು. ಅನಿತಳಿಗೆ ಸೇಡಿನ ಅವಸರ. "ಆಟದಲ್ಲಿ ಅವನನ್ನ ಸೋಲಿಸ್ಬೇಕು. ನಾನ್ ಮಗ್ಗದಿಂದ ಸನ್ನೆ ಮಾಡ್ತೀನಿ, ನೀನ್ ಆಡು," ಅಂದಳು. ಹುಡುಗಿ ಹೂಂ ಅಂದಳು.

ರಾಜೇಂದ್ರನ ಹುಚ್ಚು ಕೋಟೆ ಆಟ. ಕೋಟೆಗೆ ಎಡಬಾಗಿಲು, ಬಲಬಾಗಿಲು, ಮೇಲಿನ ಬುರುಜು ಎಂದು ಮೂರು ದಾರಿ. ಒಬ್ಬರು ನುಗ್ಗಬೇಕು, ಇನ್ನೊಬ್ಬರು ತಡೆಯಬೇಕು. ಟಿವಿಯಲ್ಲಿ ಆಡುವವನ ಎದುರು ಮೊಬೈಲ್‌ನಿಂದಲೂ ಆಡಬಹುದಿತ್ತು. ಯಾವ ದಾರಿಯಲ್ಲಿ ನುಗ್ಗುತ್ತೇನೆಂದು ಅವನು ಮೊದಲೇ ಹೆಡ್‌ಸೆಟ್‌ನಲ್ಲಿ ಮೂರ್ತಿಗೆ ಹೇಳುವವನು. ಭಾನುವಾರ ಅನಿತ ಕಾಫಿ ಕೊಡುತ್ತಾ ಕೆಣಕಿದಳು. "ಏನಪ್ಪಾ ರಾಜೇಂದ್ರ, ಧನು ನಿನ್ನ ಸೋಲಿಸ್ತಾಳಂತೆ. ಸೋತ್ರೆ ಅವಳು ಕೇಳಿದ್ದಕ್ಕೆ ಎಲ್ಲರ ಮುಂದೆ ನಿಜ ಹೇಳ್ಬೇಕಂತೆ."

"ಇವ್ಳಾ? ಸೋತು ಮೊಬೈಲ್ ಎಸೆಯೋಳಾ?" ಎಂದು ನಕ್ಕ. "ಕರೀರಿ ಎಲ್ಲಾರ್ನೂ!"

ಶಶಿಕುಮಾರ್ ಕೂತ. ಪಕ್ಕದ ಮನೆಯ ಮುನಿರತ್ನಮ್ಮ, ಅವಳ ಮಗಳು ಯಶಸ್ವಿನಿ ಬಂದು ಕೂತರು. ಧನುಶ್ರೀ ಅಪ್ಪನ ಮೊಬೈಲ್ ಹಿಡಿದು, ಸೋಫಾದ ಆ ತುದಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಳು.

"ಇವತ್ತಾದ್ರೂ ಮಗ್ಗ ನಿಲ್ಸೇ," ಅಂದರು ರುಕ್ಮಿಣಮ್ಮ.

"ಹಬ್ಬದ ಆರ್ಡರ್ ಅತ್ತೆ," ಎಂದು ಅನಿತ ಮಗ್ಗ ಚಾಲೂ ಮಾಡಿದಳು. ಅತ್ತೆಯೂ ಗೊಣಗುತ್ತಾ ತಮ್ಮ ಮಗ್ಗ ಹಚ್ಚಿದರು.

ರಾಜೇಂದ್ರನ ತುಟಿ 'ಎಡಕ್ಕೆ ಗುರು' ಅಂದಿತು. ಅನಿತ ಎಡಗಿವಿ ಮುಟ್ಟಿಕೊಂಡಳು. ಎಡಗಡೆ ಎಳೆ ತುಂಡಾಗಿದೆ ಎಂದು ಅತ್ತೆ ಸೊಸೆ ದಿನವೂ ಮಾಡುವ ಸನ್ನೆ ಅದು. ಎಡಬಾಗಿಲಲ್ಲಿ ಧನುಶ್ರೀ ಕಾದಿದ್ದಳು. ಅವನು 'ಬಲಕ್ಕೆ' ಅಂದ, ಅನಿತ ಬಲಗಿವಿ ಮುಟ್ಟಿದಳು. 'ಬುರುಜಿಂದ' ಅಂದ, ಕುಂಕುಮ ಸರಿಮಾಡಿಕೊಂಡಳು. ಹೋದಲ್ಲೆಲ್ಲ ಅಣ್ಣನ ಮಗಳು ಎದುರು ನಿಂತು ಬಡಿದಳು. ಅವನ ಹಣೆಯಲ್ಲಿ ಬೆವರು ಕಂಡಾಗ ಅನಿತಳಿಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು. ಕೊನೆಗೆ ಟಿವಿ ತುಂಬ ಅವನ ದಂಡು ನೆಲಕಚ್ಚಿತು. ಯಶಸ್ವಿನಿ ಚಪ್ಪಾಳೆ ತಟ್ಟಿದಳು.

"ಮೋಸ! ಇದ್ರಲ್ಲಿ ಏನೋ ಮೋಸ ಐತೆ!" ಹೆಡ್‌ಸೆಟ್ ಕಿತ್ತೆಸೆದ ರಾಜೇಂದ್ರ.

ಅನಿತ ಮಗ್ಗ ನಿಲ್ಲಿಸಿದಳು. ಅತ್ತೆಯೂ ನಿಲ್ಲಿಸಿದರು.

"ಮೋಸ ಯಾವ್ದು ಹೇಳ್ಲಾ?" ಅನಿತ ಹೊಸಿಲಿಗೆ ಬಂದು ನಿಂತಳು. "'ನನ್ ಕೈಯಿಂದಾನೇ ಬಿದ್ದು ಒಡೀತು ಗುರು. ಮಗು ಹೆಸ್ರು ಹೇಳ್ಬಿಟ್ಟೆ.' ಕೇಸ್ ಕ್ಲೋಸ್ ಅಂತ ನಗಾಡ್ದಲ್ಲ, ಅದನ್ನೂ ಹೇಳ್ಲಾ?"

ರಾಜೇಂದ್ರನ ಮುಖ ಬಿಳಿಚಿಕೊಂಡಿತು. "ಯಾರ್ ಹೇಳಿದ್ದು? ಅಮ್ಮಾ, ನೀನೇ ಹೇಳು, ಮಗ್ಗದ ಸದ್ದಲ್ಲಿ ಯಾರಿಗ್ ಕೇಳ್ತೈತೆ?"

ರುಕ್ಮಿಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಕೇಳಲ್ಲ ಕಣೋ. ಕಾಣ್ತೈತೆ. ಅವತ್ತು ನಂಗೂ ಕಾಣ್ತು."

ಅತ್ತೆಗೂ ಗೊತ್ತಿತ್ತು! ಗೊತ್ತಿದ್ದೂ ಬಾಯಿ ಹೊಲಿದುಕೊಂಡಿದ್ದರು! ಆ ಸಿಟ್ಟನ್ನು ಅನಿತ ಇನ್ನೊಂದು ದಿನಕ್ಕೆ ಎತ್ತಿಟ್ಟಳು.

"ಕೇಳು ಧನು," ಅಂದ ಶಶಿಕುಮಾರ್. ಮೊದಲ ಸಲ ಅವನ ಬಾಯಲ್ಲಿ 'ಹೋಗ್ಲಿ ಬಿಡು' ಬರಲಿಲ್ಲ.

"ಮೊಬೈಲ್ ಒಡೆದಿದ್ದು ಯಾರು ಚಿಕ್ಕಪ್ಪಾ?"

"ನಾನೇ," ಅಂದ ರಾಜೇಂದ್ರ, ನೆಲ ನೋಡುತ್ತಾ. "ತಪ್ಪಾಯ್ತು ಪುಟ್ಟಿ."

ಅಷ್ಟಕ್ಕೆ ಬಿಟ್ಟರೆ ಅವಳು ಅನಿತಳೇ ಅಲ್ಲ. ಇನ್ನು ಮೇಲೆ ಭಾನುವಾರ ಮಧ್ಯಾಹ್ನ ಮಗ್ಗ ಅವನದು, ಟಿವಿ ತನ್ನದು ಎಂದು ಎಲ್ಲರೆದುರಿಗೇ ಹೇಳಿದಳು. ಅವತ್ತೇ ಅವನನ್ನು ಮಗ್ಗದ ಮುಂದೆ ನಿಲ್ಲಿಸಿದಳು. ಅವನು ಎಳೆ ಗಂಟು ಹಾಕಲು ಬರದೆ ಒದ್ದಾಡುತ್ತಿದ್ದ, ಪಕ್ಕದಲ್ಲಿ ನಿಂತು ರುಕ್ಮಿಣಮ್ಮ ಬೈಯುತ್ತಿದ್ದರು. ನೋಡುತ್ತಾ ಅನಿತ ಸೋಫಾದಲ್ಲಿ ಕಾಲು ಚಾಚಿದಳು. ಆ ಸುಖಕ್ಕೆ ಸಮ ಯಾವ ಸಿನಿಮಾವೂ ಇಲ್ಲ ಅನ್ನಿಸಿತು.

ಮಗ್ಗದ ಸದ್ದು ಮತ್ತೆ ಮನೆ ತುಂಬಿತು. ಅನಿತ ಮಗಳ ಕಡೆ ತಿರುಗಿ, "ಯಾವ ಪಿಚ್ಚರ್ ಹಾಕ್ಲಿ ಪುಟ್ಟಿ?" ಅಂದಳು. ನಕ್ಕು ತನ್ನ ತೋಳಿಗೆ ಒರಗುತ್ತಾಳೆ ಅಂದುಕೊಂಡಿದ್ದಳು.

ಧನುಶ್ರೀ ನಗಲಿಲ್ಲ. ಅಮ್ಮನನ್ನೇ ನೋಡುತ್ತಾ, ದನಿ ಹೊರಡಿಸದೆ ತುಟಿಯಷ್ಟನ್ನೇ ಅಲ್ಲಾಡಿಸಿದಳು. ಆ ವಿದ್ಯೆಯನ್ನು ಅವಳಿಗೆ ತೊಟ್ಟಿಲಲ್ಲೇ ಕಲಿಸಿದವಳು ಅನಿತ. ಒಂದಕ್ಷರವೂ ತಪ್ಪದೆ ತಿಳಿಯಿತು.

"ಚಿಕ್ಕಪ್ಪ ಸುಳ್ಳು ಹೇಳ್ದ. ಹೊಡೆದಿದ್ದು ನೀನು. ಮುಂದಿನ ಭಾನುವಾರ ನಿನ್ ಎದುರು ಆಡ್ತೀನಿ, ಸೋತ್ರೆ ನೀನೂ ಎಲ್ಲರ ಮುಂದೆ ತಪ್ಪಾಯ್ತು ಅನ್ಬೇಕು."