ವಿಂಚಿನ ಹಿಂದೆ ನಿಲ್ಲುವವರು

"ಬೆಳಿಗ್ಗೇನೇ ಕುಡಿದು ಬಂದಿದ್ದ ಮೇಡಂ. ಕುಡಿದವನು ವಿಂಚು ಹಿಡಿದ್ರೆ ಇನ್ನೇನಾಗುತ್ತೆ?"

ಮೈಸೂರಿನ ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಗುತ್ತಿಗೆದಾರ ರುದ್ರೇಶ್ ಈ ಮಾತು ಹೇಳಿದ್ದು ವಿದ್ಯುತ್ ಇಲಾಖೆಯ ಸೆಕ್ಷನ್ ಇಂಜಿನಿಯರ್ ಸಂಘಮಿತ್ರಾಗೆ. ಗೋಡೆಗೊರಗಿ ನೆಲದ ಮೇಲೆ ಕೂತಿದ್ದ ಸಾಕಮ್ಮನಿಗೂ ಅದು ಕೇಳಿಸಿತು. ಒಳಗೆ ಆಪರೇಷನ್ ಆಗುತ್ತಿದ್ದುದು ಅವಳ ತಮ್ಮ ಕೃಷ್ಣನಿಗೆ. ಟೆಂಪೋದಲ್ಲಿ ಅವನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಸೀರೆಯ ಮೇಲಿನ ರಕ್ತ ಇನ್ನೂ ಒಣಗಿರಲಿಲ್ಲ.

ಸಾಕಮ್ಮ ಎದ್ದು ನಿಂತಳು.

"ಯಾರ್ ಸಾ ಕುಡ್ದಿದ್ದು?"

"ನೀನು ಸುಮ್ನೆ ಕೂತ್ಕೊ ಸಾಕಮ್ಮ. ನಾವು ಮಾತಾಡ್ತಿಲ್ವಾ?"

"ಬೆಳಿಗ್ಗೆ ಅವ್ನಿಗೆ ಇಕ್ಕಿದ್ದು ನಾನು. ನನ್ ಎದ್ರುಗೇ ಕೂತು ರಾಗಿ ಅಂಬ್ಲಿ ಕುಡ್ದ. ಅದ್ ಬುಟ್ರೆ ಇನ್ನೇನೂ ಕುಡ್ದಿಲ್ಲ. ನಮ್ಮಪ್ಪನ ಜೊತೆ ನಿಂತು ಬುದ್ಧನ ಪಂಚಶೀಲ ತಗಂಡಾಗ್ಲಿಂದ ಎಂಡದಂಗ್ಡಿ ಕಡೀಕೆ ತಲೆ ಹಾಕ್ನಿಲ್ಲ ಅವ್ನು. ನಮ್ಮೂರು ಬದನವಾಳಲ್ಲಿ ಯಾರ್ನ ಬೇಕಾದ್ರೂ ಕೇಳಿ. ಕೈ ಮುರ್ದಿದ್ದೂ ಅಲ್ದೆ ಕುಡುಕ ಅಂತೀರಾ?"

ರುದ್ರೇಶ್ ಮುಖ ತಿರುಗಿಸಿ ಮೊಬೈಲ್ ಒತ್ತತೊಡಗಿದ. ಸಂಘಮಿತ್ರಾ ಸಾಕಮ್ಮನನ್ನು ಒಂದು ಕ್ಷಣ ನೋಡಿದರು. ಆಮೇಲೆ ರುದ್ರೇಶನ ಕಡೆ ತಿರುಗಿ, "ಇವತ್ತು ತಂತಿ ಎಳೀತೀರಿ ಅಂತ ನನಗೆ ಯಾಕೆ ಹೇಳಲಿಲ್ಲ?" ಅಂತ ಕೇಳಿದರು. ಅವನು ಮೊಬೈಲನ್ನು ಕಿವಿಗಿಟ್ಟುಕೊಂಡು ಹೊರಗೆ ನಡೆದ.

ಅದು ಎರಡು ಸಾವಿರದ ಮೂರರ ಬೇಸಿಗೆ. ಸೋಸಲೆಯ ಹತ್ತಿರ ಹೊಳೆಯಿಂದ ನೀರೆತ್ತುವ ಪಂಪ್‌ಹೌಸ್ ಒಂದು ಕಟ್ಟಿ ಮುಗಿದಿತ್ತು. ಅದಕ್ಕೆ ಕರೆಂಟು ಕೊಡಲು ಹೊಸ ಲೈನ್ ಎಳೆಯುವ ಗುತ್ತಿಗೆ ರುದ್ರೇಶನದು. ಕೆಲಸದವರು ಎಂಟು ಹತ್ತು ಜನ, ಎಲ್ಲ ನಂಜನಗೂಡು ತಾಲೂಕಿನವರೇ. ಮೇಸ್ತ್ರಿ ಪುಟ್ಟಬಸವಯ್ಯ, ಕಂಬ ಹತ್ತಿ ಹತ್ತಿ ಅಂಗಾಲು ಕಲ್ಲಾದವನು. ಗಂಡ ತೀರಿಕೊಂಡ ಮೇಲೆ ಸಾಕಮ್ಮ ಈ ಗುಂಪಿಗೆ ಅಡುಗೆ ಮಾಡಿಕೊಂಡಿದ್ದಳು. ಗುಂಪು ಎಲ್ಲಿ ಬೀಡು ಬಿಟ್ಟರೆ ಅಲ್ಲಿ ಅವಳ ಒಲೆ. ಇಲ್ಲಿ ತೆಂಗಿನ ತೋಟವೊಂದರ ಪಕ್ಕ ಟಾರ್ಪಾಲು ಕಟ್ಟಿಕೊಂಡಿದ್ದರು.

ಸೋಸಲೆಗೆ ಬರುವ ಮುಂಚೆ ಅವರು ಬಿಳಿಗೆರೆ ಕಡೆ ಕೆಲಸ ಮಾಡಿದ್ದರು. ಅಲ್ಲಿನದು ಸಣ್ಣ ತಂತಿ. ತಂತಿಯನ್ನು ಕಚ್ಚಿ ಹಿಡಿಯುವ ಕ್ಲಾಂಪು, ಅದನ್ನು ಎಳೆಯುವ ಕೈ ವಿಂಚು, ಎರಡೂ ಆ ತಂತಿಗೆ ಸರಿಯಾಗಿದ್ದವು. ಪಂಪ್‌ಹೌಸಿಗೆ ಬೇಕಾದದ್ದು ದಪ್ಪ ತಂತಿ. ಸಾಮಾನು ಮಾತ್ರ ರುದ್ರೇಶ್ ಅದೇ ಹಳೆಯದನ್ನೇ ಕಳಿಸಿದ.

ಆ ಬೆಳಿಗ್ಗೆ ಸಾಕಮ್ಮ ಮಜ್ಜಿಗೆ ತುಂಬಿಕೊಂಡು ಕೊನೆಯ ಕಂಬದ ಹತ್ತಿರ ಹೋದಾಗ ಪುಟ್ಟಬಸವಯ್ಯ ಕ್ಲಾಂಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ತಂತಿ ಕಂಬದ ತುದಿಯ ಪುಲ್ಲಿಯ ಮೇಲಿಂದ ಇಳಿದು ನೆಲದ ಕಡೆಗೆ ಬಂದಿತ್ತು. ಅದರೆದುರಿಗೆ ಕಬ್ಬಿಣದ ಗೂಟ ಹೂತು ವಿಂಚು ಕಟ್ಟಿದ್ದರು. ಕ್ಲಾಂಪಿನ ದವಡೆ ತಂತಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ. ತುದಿಯ ನಾಲ್ಕು ಹಲ್ಲು ಮಾತ್ರ ಕಚ್ಚಿದ್ದವು. ಮೇಲಿನ ಚಿಲಕ ಬೀಳುತ್ತಲೇ ಇರಲಿಲ್ಲ.

ಅಷ್ಟರಲ್ಲಿ ರುದ್ರೇಶನ ಜೀಪು ಬಂತು.

"ಸಾ, ಈ ಕ್ಲಾಂಪು ಈ ತಂತಿಗಲ್ಲ," ಅಂದ ಪುಟ್ಟಬಸವಯ್ಯ. "ಚಿಲ್ಕ ಬೀಳಾಕಿಲ್ಲ. ವಿಂಚೂ ಚಿಕ್ದು. ನಂಜನಗೂಡಿಂದ ದೊಡ್ಡದ್ ತರ್ಸಿ. ಒಂದಿನ ತಡ ಆದ್ರೆ ಆಯ್ತದೆ."

"ಬಿಳಿಗೆರೇಲಿ ಇದರಲ್ಲೇ ಎಳೀಲಿಲ್ವೇನಯ್ಯ?"

"ಅದು ಸಣ್ಣ ತಂತಿ ಸಾ."

"ಬೈಂಡಿಂಗ್ ವೈರ್ ಸುತ್ತಿ ಬಿಗಿ ಮಾಡು. ವಿಂಚಿನ ಹಿಡಿ ಬರಲಿಲ್ಲ ಅಂದ್ರೆ ಪೈಪ್ ಹಾಕ್ಕೊ. ಇದೆಲ್ಲಾ ನಾನು ಹೇಳಿಕೊಡಬೇಕಾ? ಇದೇ ವಾರ ಉದ್ಘಾಟನೆ ಇಟ್ಕೊಂಡಿದ್ದಾರೆ. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ಕರೆಸ್ತೀನಿ."

ವಿಂಚಿನ ಹಿಡಿಯನ್ನು ಗಿಡ್ಡ ಮಾಡಿರುವುದೇ ಯಾಕೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತಡೆಯಲಾರದ ಭಾರ ಬಿದ್ದರೆ ಹಿಡಿ ಮುಂದಕ್ಕೆ ಹೋಗುವುದಿಲ್ಲ, ಎಳೆಯುವವನ ಕೈಗೇ ತಿಳಿಯುತ್ತದೆ, ನಿಲ್ಲಿಸುತ್ತಾನೆ. ಅದಕ್ಕೆ ಉದ್ದದ ಪೈಪ್ ಸಿಕ್ಕಿಸಿದರೆ ಕೈಗೆ ಏನೂ ತಿಳಿಯುವುದಿಲ್ಲ. ಗೊತ್ತಿದ್ದೂ ಪುಟ್ಟಬಸವಯ್ಯ ತಲೆ ತಗ್ಗಿಸಿ ಬೈಂಡಿಂಗ್ ವೈರ್ ಸುತ್ತಿದ. ಕೃಷ್ಣ ಪೈಪ್ ಹಿಡಿದು ವಿಂಚಿನ ಹಿಂದೆ ನಿಂತ. ರುದ್ರೇಶ್ ಜೀಪಿನ ಹತ್ತಿರ, ನೆರಳಲ್ಲಿ ನಿಂತ.

ತಂತಿ ಗದ್ದೆಯ ಮೇಲಿಂದ ಎದ್ದಿತು. ಜೋಲು ಕಮ್ಮಿಯಾಗುತ್ತಾ ಬಂತು. "ಇನ್ನೊಂಚೂರು, ಇನ್ನೊಂಚೂರು," ಅಂತ ರುದ್ರೇಶ್ ಕೂಗುತ್ತಿದ್ದ. ಸಾಕಮ್ಮ ಚೊಂಬಿಗೆ ಮಜ್ಜಿಗೆ ಬಗ್ಗಿಸುತ್ತಿದ್ದಳು. ಕೊಡಲಿಯಿಂದ ಕಬ್ಬಿಣಕ್ಕೆ ಹೊಡೆದ ಹಾಗೆ ಸದ್ದಾಯಿತು. ಹಲ್ಲುಗಳಿಂದ ತಂತಿ ಜಾರಿಕೊಂಡು ಪುಲ್ಲಿಯ ಮೇಲೆ ಹಾರಿ ಗದ್ದೆಗೆ ಬಿತ್ತು. ವಿಂಚಿಗೂ ಕ್ಲಾಂಪಿಗೂ ನಡುವೆ ಬಿಗಿದಿದ್ದ ಹಗ್ಗ ಕ್ಲಾಂಪನ್ನು ವಿಂಚಿನ ಕಡೆಗೆ ಬೀಸಿತು. ಕೃಷ್ಣನ ಬಲ ಮೊಣಕೈ ಅದರ ದಾರಿಯಲ್ಲಿತ್ತು.

ಆಪರೇಷನ್ ಮುಗಿದ ಮೇಲೆ ಡಾಕ್ಟರು, "ಕೈ ಉಳಿಸಿದ್ದೀವಮ್ಮ. ಆದರೆ ಮೊಣಕೈ ಮೊದಲಿನ ಹಾಗೆ ಮಡಚೋದು ಕಷ್ಟ," ಅಂದರು. ಮಡಚದ ಕೈಯಲ್ಲಿ ಯಾರು ಕಂಬ ಹತ್ತುತ್ತಾರೆ ಎಂದು ಸಾಕಮ್ಮ ಕೇಳಲಿಲ್ಲ. ಅವ್ವ ಪುಟ್ಟಮಾದಮ್ಮ ಬದನವಾಳಿನಿಂದ ಬಂದು ಮಗನ ಪಕ್ಕ ಕೂತಳು. ಮೂರನೆಯ ದಿನ ಬೆಳಿಗ್ಗೆ ಸಾಕಮ್ಮ ಪಾತ್ರೆ ಪಡಗ ತರಲು ಟಿ. ನರಸೀಪುರದ ಬಸ್ಸು ಹತ್ತಿದಳು.

ಸೋಸಲೆಯಲ್ಲಿ ಇಳಿದು ಟೀ ಅಂಗಡಿ ದಾಟುವಾಗ ಬೆಂಚಿನ ಮೇಲಿದ್ದ ಒಬ್ಬ ಇನ್ನೊಬ್ಬನಿಗೆ, "ಆ ಕುಡ್ದು ಕೈ ಮುರ್ಕೊಂಡ್ನಲ್ಲ, ಅವ್ನಕ್ಕ ಕಣ್ಲಾ," ಅಂದ. ಮಾತು ಅವಳಿಗಿಂತ ಮುಂಚೆ ಬಂದು ಊರು ಸೇರಿತ್ತು. ಸಾಕಮ್ಮನ ಕಿವಿ ಕಾದವು. ನಿಂತು ಬೈದುಬಿಡಬೇಕು ಅನ್ನಿಸಿತು. ಅವರಿಗೆ ಬೈದು ಏನು ಪ್ರಯೋಜನ ಅಂದುಕೊಂಡು ದಾಪುಗಾಲು ಹಾಕಿದಳು.

ಟಾರ್ಪಾಲಿನ ಕೆಳಗೆ ಪುಟ್ಟಬಸವಯ್ಯ ಒಬ್ಬನೇ ಬೀಡಿ ಸೇದುತ್ತಾ ಕೂತಿದ್ದ. ಹುಡುಗರೆಲ್ಲ ಕೆಲಸ ಬಿಟ್ಟು ಹೋಗಿದ್ದರು.

"ಕೃಷ್ಣ ಕುಡ್ದಿದ್ದ ಅಂತ ಏಳ್ಕಂಡು ತಿರುಗ್ತಾವ್ನೆ ಆ ರುದ್ರೇಶ. ನೀನೇನ್ ಏಳ್ದೆ ಬಸಣ್ಣ?"

"ನಾನೇನೂ ಏಳ್ನಿಲ್ಲ ಕನವ್ವ."

"ಅದನ್ನೇ ಕೇಳ್ತಾ ಇರೋದು. ಯಾಕ್ ಏಳ್ನಿಲ್ಲ? ಚಿಕ್ಕೋನಾಗಿದ್ದಾಗ್ಲಿಂದ ಕಂಬ ಅತ್ಸಿ ಕಲ್ಸಿದವ್ನು ನೀನು. ಅವ್ನ ಬಾಯಲ್ಲಿ ಯಾವತ್ತಾದ್ರೂ ವಾಸ್ನೆ ಬಂದಿತ್ತಾ?"

"ಇಲ್ಲ."

"ಮತ್ತೆ?"

ಪುಟ್ಟಬಸವಯ್ಯ ಬೀಡಿಯನ್ನು ನೆಲಕ್ಕೆ ಒತ್ತಿದ. "ವೈರ್ ಸುತ್ತಿದ್ದು ನಾನೇ ಅಲ್ವಾ ಸಾಕಮ್ಮ. ಬಾಯಿ ಬುಟ್ರೆ ನನ್ ಕುತ್ಗೆಗೇ ಬತ್ತದೆ."

ಸಾಕಮ್ಮನಿಗೆ ಸಿಟ್ಟಿನಲ್ಲಿ ಅಳು ಬಂತು. ಅಳಲಿಲ್ಲ. ಒಲೆಯ ಕಲ್ಲುಗಳನ್ನು ಕಾಲಿನಿಂದ ಒದ್ದು ಬೀಳಿಸಿ, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು.

ಆಗಲೇ ಕೊನೆಯ ಕಂಬದ ಕಡೆಯಿಂದ ಜನರ ಸದ್ದು ಕೇಳಿಸಿತು. ಒಂದು ಮಿನಿ ಲಾರಿ ನಿಂತಿತ್ತು. ರುದ್ರೇಶ್ ಕೊಳ್ಳೇಗಾಲದ ಕಡೆಯಿಂದ ಹೊಸ ಗುಂಪು ಕರೆಸಿದ್ದ. ಅವರ ಮೇಸ್ತ್ರಿ ಬೆಟ್ಟಸ್ವಾಮಿ ಗೂಟ ಅಲುಗಾಡಿಸಿ ನೋಡುತ್ತಿದ್ದ. ಸಾಕಮ್ಮ ಚೀಲ ಅಲ್ಲೇ ಬಿಟ್ಟು ಬದುವಿನ ಮೇಲೆ ನಡೆದು ಹೋದಳು. ಲಾರಿಯಿಂದ ಇಳಿಸುತ್ತಿದ್ದ ಸಾಮಾನು ನೋಡಿ ಅವಳ ಕಾಲು ನಿಂತುಬಿಟ್ಟಿತು.

ಅದೇ ವಿಂಚು. ಅದೇ ಪೈಪು. ಕ್ಲಾಂಪಿಗೆ ಕೆಂಪು ಬಣ್ಣ ಹೊಡೆದಿದ್ದರು, ಅಷ್ಟೆ. ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಕೃಷ್ಣನ ರಕ್ತವನ್ನು ಒರೆಸಿ ಹೊಡೆದರೋ, ಅದರ ಮೇಲೇ ಹೊಡೆದರೋ.

ಅವಳು ನೇರ ಹೋಗಿ ವಿಂಚಿನ ಮೇಲೆ ಕೂತುಬಿಟ್ಟಳು.

"ಯಾರವ್ವ ನೀನು? ಏಳು, ಕೆಲ್ಸ ಅದೆ," ಅಂದ ಬೆಟ್ಟಸ್ವಾಮಿ.

"ಏಳಾಕಿಲ್ಲ. ಇದು ನನ್ ತಮ್ಮನ ಕೈ ತಿಂದಿರೋ ವಿಂಚು."

"ಕುಡ್ದು ಎಳೆದ್ರೆ..."

"ಆ ಮಾತ್ ಆಡ್ಬ್ಯಾಡ!" ಅವಳ ಕೂಗಿಗೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೂ ತಲೆ ಎತ್ತಿದರು. "ನಿಂಗೆ ಏಳ್ಕೊಟ್ಟೋರು ಯಾರು ಅಂತ ಗೊತ್ತು. ನೀನು ಕುಡ್ದಿಲ್ವಲ್ಲ? ಆ ಕ್ಲಾಂಪ್ ತಗಂಡು ತಂತಿಗೆ ಆಕಿ ನೋಡು. ಚಿಲ್ಕ ಬಿದ್ರೆ ನಾನು ಎದ್ದೋಯ್ತೀನಿ."

ಬೆಟ್ಟಸ್ವಾಮಿ ರುದ್ರೇಶನ ಕಡೆ ನೋಡಿದ. "ಅಡುಗೆಯವಳ ಮಾತು ಕೇಳ್ಕೊಂಡು ನಿಂತ್ಕೋಬೇಡ, ಎಬ್ಬಿಸು," ಅಂದ ರುದ್ರೇಶ್. ಬೆಟ್ಟಸ್ವಾಮಿ ಅವಳನ್ನು ಎಬ್ಬಿಸಲಿಲ್ಲ. ಕ್ಲಾಂಪನ್ನು ತಂತಿಗೆ ಹಾಕಿ ನೋಡಿದ. ಚಿಲಕ ಬೀಳಲಿಲ್ಲ. ಮತ್ತೆ ಹಾಕಿದ. ಕೈಗೆ ಅಂಟಿದ ಕೆಂಪು ಬಣ್ಣವನ್ನು ಲುಂಗಿಗೆ ಒರೆಸಿಕೊಂಡ.

"ಇದು ಕಚ್ಚಾಕಿಲ್ಲ ಸಾ."

"ವೈರ್ ಸುತ್ತಯ್ಯ. ಏನೂ ಆಗಲ್ಲ."

ಅಲ್ಲಿಯವರೆಗೆ ಬದುವಿನ ಮೇಲೆ ದೂರ ನಿಂತಿದ್ದ ಪುಟ್ಟಬಸವಯ್ಯ ಆಗ ಮುಂದೆ ಬಂದ. "ಅವತ್ತೂ ಇಂಗೇ ಅಂದ್ರಿ ಸಾ. ನಾನು ಸುತ್ತಿದೆ. ಇದೇ ಕೈಲಿ." ಬೆಟ್ಟಸ್ವಾಮಿಯ ಕಡೆ ತಿರುಗಿದ. "ಆ ಉಡುಗ ಕುಡ್ದಿರ್ನಿಲ್ಲ ಕಣಯ್ಯ. ಬ್ಯಾಡ ಅಂತ ಬೆಳಿಗ್ಗೆನೇ ಏಳಿದ್ದೆ. ಇವ್ರು ಕೇಳ್ನಿಲ್ಲ."

ಸಾಕಮ್ಮ ಎದ್ದಳು. ಪೈಪ್ ಎತ್ತಿ ವಿಂಚಿನ ಹಿಡಿಗೆ ತಾನೇ ಸಿಕ್ಕಿಸಿದಳು. "ಏನೂ ಆಗಲ್ಲ ಅಂತೀರಲ್ಲ ಸಾ. ಬನ್ನಿ, ನೀವು ಇಲ್ಲಿ ನಿಂತ್ಕಳಿ. ನೀವೇ ಎಳೀರಿ. ನಾವೆಲ್ಲ ನಿಮ್ ಜೀಪ್ ಅತ್ರ ನಿಂತ್ಕತೀವಿ."

ರುದ್ರೇಶ್ ನಗಲು ನೋಡಿದ. "ನಾನ್ಯಾಕೆ ನಿಲ್ಲಲಿ? ಅದು ನನ್ನ ಕೆಲಸಾನಾ?"

"ನಿಂತ್ಕಳಿ ಸಾ," ಅಂದ ಬೆಟ್ಟಸ್ವಾಮಿ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನಮ್ ಉಡುಗ್ರ ನಿಲ್ಸೋ ಮುಂಚೆ ನೀವೊಂದ್ಸಲ ನಿಂತು ತೋರ್ಸಿ. ಆಮೇಲೆ ನಾವು ಎಳೀತೀವಿ."

ರುದ್ರೇಶ್ ವಿಂಚನ್ನು ನೋಡಿದ, ಕಂಬವನ್ನು ನೋಡಿದ. ಒಂದು ಹೆಜ್ಜೆ ಹಿಂದಿಟ್ಟ. ಅವನಿಗೇ ಗೊತ್ತಾಗದ ಹಾಗೆ ಇಟ್ಟ ಹೆಜ್ಜೆ ಅದು, ಆದರೆ ಅಲ್ಲಿದ್ದವರೆಲ್ಲರಿಗೂ ಕಂಡಿತು.

ಬೆಟ್ಟಸ್ವಾಮಿ ತನ್ನವರಿಗೆ, "ಏರ್ರಲಾ ಲಾರಿಗೆ," ಅಂದ.

ಕೆಲಸ ನಿಂತ ಸುದ್ದಿ ಕೇಳಿ ಸಂಘಮಿತ್ರಾ ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಬಂದರು. ಕ್ಲಾಂಪನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಬಣ್ಣ ಕೆರೆದರು. ಒಳಗಿನ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಅವರು ರುದ್ರೇಶನಿಗೆ ಹೇಳಿದ್ದು ಮೆಲ್ಲಗೇ, ಆದರೆ ಎಲ್ಲರಿಗೂ ಕೇಳಿಸಿತು. "ಸವೆದಿದ್ದಕ್ಕೆ ಬಣ್ಣ ಹೊಡೆದು ಇನ್ನೊಬ್ಬರ ಕೈಗೆ ಕೊಡ್ತೀರಲ್ಲ, ನಿಮಗೆ ಏನೂ ಅನ್ನಿಸಲಿಲ್ವಾ? ಈ ತಂತಿಯ ಅಳತೆಗೆ ಸರಿಯಾದ ಕ್ಲಾಂಪು, ಭಾರ ತಡೆಯೋ ವಿಂಚು ಬರೋವರೆಗೆ ಇಲ್ಲಿ ಒಂದು ಗೇಣು ತಂತಿ ಎಳೆಯೋ ಹಾಗಿಲ್ಲ. ಕ್ಲಾಂಪು ಜಾರಿದರೂ ಹಿಡಿದುಕೊಳ್ಳೋ ಹಾಗೆ ಅದರ ಹಿಂದೆ ಇನ್ನೊಂದು ಕಾವಲು ಹಗ್ಗ ಕಟ್ಟಬೇಕು. ಎಳೆಯುವಾಗ ತಂತಿಯ ನೇರಕ್ಕೆ ಯಾರೂ ನಿಲ್ಲಬಾರದು. ನಾನು ಇಲ್ಲಿರ್ತೀನಿ."

"ಉದ್ಘಾಟನೆ ಮೇಡಂ..."

"ಮುಂದಕ್ಕೆ ಹೋಗಲಿ."

ಉದ್ಘಾಟನೆ ಮುಂದಕ್ಕೆ ಹೋಯಿತು. ಆಕಾಶ ಕಳಚಿ ಬೀಳಲಿಲ್ಲ. ಹೊಸ ಸಾಮಾನು ಬಂತು, ಬೆಟ್ಟಸ್ವಾಮಿಯ ಗುಂಪೇ ವಾಪಸ್ ಬಂದು ತಂತಿ ಎಳೆಯಿತು, ಯಾರಿಗೂ ಒಂದು ಗೀರೂ ಬೀಳಲಿಲ್ಲ. ಮೊದಲ ದಿನವೇ ಇದನ್ನು ಮಾಡಿದ್ದರೆ ಆಗಿಹೋಗುತ್ತಿತ್ತು ಎಂದು ನೆನೆದಾಗಲೆಲ್ಲ ಸಾಕಮ್ಮನಿಗೆ ಸಿಟ್ಟು ಉಕ್ಕುತ್ತಿತ್ತು.

ಪುಟ್ಟಬಸವಯ್ಯ ಟಿ. ನರಸೀಪುರದ ಠಾಣೆಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳಿದ. ವೈರ್ ಸುತ್ತಿದ್ದು ತಾನು ಅಂತಲೂ ಹೇಳಿದ. ಕೇಸು ಕಾರ್ಮಿಕ ಇಲಾಖೆಗೆ ಹೋಗಿ ಕೃಷ್ಣನಿಗೆ ಪರಿಹಾರ ಸಿಕ್ಕಿತು. ರುದ್ರೇಶನ ವಕೀಲರು ರಾಜಿಗೆ ಬಂದಾಗ ಸಾಕಮ್ಮ ಇನ್ನೊಂದು ಮಾತು ಸೇರಿಸಿದಳು. ಕುಡಿದಿದ್ದ ಅಂತ ಊರೆಲ್ಲಾ ಹೇಳಿದವರು ಕುಡಿದಿರಲಿಲ್ಲ ಅಂತಲೂ ಬಂದು ಹೇಳಬೇಕು. ಒಂದು ಭಾನುವಾರ ರುದ್ರೇಶ್ ಬದನವಾಳಿಗೆ ಬಂದ. ಅವರ ಬೀದಿಯಲ್ಲಿ, ಪುಟ್ಟಮಾದಮ್ಮನ ಮನೆಯ ಜಗಲಿಯ ಮುಂದೆ ನಿಂತು, ಚಪ್ಪಲಿ ನೋಡಿಕೊಂಡು ಒಂದೇ ವಾಕ್ಯ ಹೇಳಿ ಹೊರಟುಹೋದ. ಮುಂದಿನ ವರ್ಷ ಬೇರೆ ತಾಲೂಕಿನಲ್ಲಿ ಅವನಿಗೆ ಇದಕ್ಕಿಂತ ದೊಡ್ಡ ಗುತ್ತಿಗೆ ಸಿಕ್ಕಿತು ಅಂತ ಕೇಳಿದಾಗ ಸಾಕಮ್ಮ ಆ ದಿನ ಒಲೆಯನ್ನೇ ಹಚ್ಚಲಿಲ್ಲ.

ಅಷ್ಟೊತ್ತಿಗೆ ಕೃಷ್ಣ ಎಡಗೈಯಲ್ಲಿ ಊಟ ಮಾಡುವುದನ್ನು ಕಲಿತಿದ್ದ. ಒಂದು ದಿನ ಮುದ್ದೆ ಮುರಿಯುತ್ತಾ ಕೇಳಿದ.

"ಸೋಸಲೆ ಲೈನು ಎಂಗ್ ಬಂದದೆ ಅಕ್ಕ? ಜೋಲು ಸಮ ಅದಾ?"

ಸಾಕಮ್ಮ ಸಾರಿನ ಸೌಟನ್ನು ಪಾತ್ರೆಯೊಳಕ್ಕೆ ಎಸೆದಳು. "ನಿನ್ ಕೈ ತಗಂಡ ಲೈನು ಅದು. ಅದ್ರ ಚೆಂದ ನಿಂಗ್ಯಾಕ್ಲಾ?"

"ಅದ್ರಲ್ಲಿ ಅರ್ಧ ಕಂಬ ನಾನೇ ನಿಲ್ಸಿದ್ದು ಕನಕ್ಕ."

ಅವಳು ಸೌಟನ್ನು ಮತ್ತೆ ಎತ್ತಿ ಅವನ ತಟ್ಟೆಗೆ ಸಾರು ಬಿಟ್ಟಳು. ಆಮೇಲೆ, "ನಾಳಿಕೆ ಇಬ್ರೂ ಓಗಾನ. ನೀನೇ ನೋಡು," ಅಂದಳು.

ಮಾರನೆಯ ದಿನ ಇಬ್ಬರೂ ನರಸೀಪುರದಲ್ಲಿ ಬಸ್ಸು ಬದಲಿಸಿ ಸೋಸಲೆಗೆ ಹೋದರು. ಪಂಪ್ ಓಡುತ್ತಿತ್ತು. ಕಾಲುವೆಯಲ್ಲಿ ನೀರು ಹೋಗುತ್ತಿತ್ತು. ಕೃಷ್ಣ ಬದುವಿನ ಮೇಲೆ ನಿಂತು, ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಕಂಬದಿಂದ ಕಂಬಕ್ಕೆ ತಂತಿಯನ್ನು ನೋಡುತ್ತಾ ಹೋದ.

"ಆ ತೆಂಗಿನ ತೋಟದ್ ತಾವು ಒಂಚೂರು ಇಳ್ದದೆ," ಅಂದ. "ಮಿಕ್ಕಿದ್ದೆಲ್ಲ ಸರಿಯಾಗದೆ."